ಶೆಡ್ಡಿನ ಹೀಟರು, ಬಾಮೈದನ ತಲೆನೋವು

ಚಳಿ ಬಿತ್ತು. ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೆ ಹೋಗೋರೆಲ್ಲ ತಲೆಗೆ ಟವೆಲ್ ಸುತ್ಕೊಂಡು ಹೋಗ್ತಿದ್ದಾರೆ. ಈ ವಾರ ನಮ್ಮ ಸುತ್ತಮುತ್ತಲಿನ ಮೂರು ಜನ ಕೋಳಿ ಫಾರಂನವರು ಫೋನ್ ಮಾಡಿ ಒಂದೇ ಮಾತು ಕೇಳಿದ್ರು. "ಅಣ್ಣ, ಇದ್ದಿಲು ಡ್ರಮ್ಮು ಸಾಕಾಗೋಯ್ತು. ನಿಮ್ಮ ಥರ ಸೀಮೆಎಣ್ಣೆ ಗಾಳಿ ಹೀಟರ್ ತರೋಣ ಅಂತಿದೀವಿ. ಹೆಂಗೆ?"

ಮೆಷಿನ್ ಚೆನ್ನಾಗಿದೆ, ತರಬಹುದು. ಆದ್ರೆ ಅದನ್ನ ತಂದ ಮೂರನೇ ಚಳಿಗಾಲದಲ್ಲಿ ನಮ್ಮ ಮನೇಲಿ ಏನಾಯ್ತು ಅಂತ ಇಲ್ಲಿ ತನಕ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. "ಬಾಮೈದನಿಗೆ ಹುಷಾರಿರಲಿಲ್ಲ, ಆಸ್ಪತ್ರೆಗೆ ಸೇರಿಸಿದ್ವಿ" ಅಂತಷ್ಟೇ ಹೇಳಿ ಸುಮ್ಮನಾಗಿದ್ದೆ. ತಪ್ಪು ನನ್ನದಾಗಿತ್ತು, ಅದಕ್ಕೆ. ಇವತ್ತು ಬರೀತೀನಿ. ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ಮೊದಲು ಮೆಷಿನ್ ಬಗ್ಗೆ. ನೋಡೋಕೆ ಚಕ್ರದ ಮೇಲಿಟ್ಟ ಫಿರಂಗಿ ಥರ ಇರುತ್ತೆ, ನಮ್ಮ ಹುಡುಗರು ಹಾಗೇ ಕರೆಯೋದು. ಕೆಳಗೆ ಎಣ್ಣೆ ಟ್ಯಾಂಕು, ಮೇಲೆ ಉದ್ದನೆ ಕೊಳವೆ. ಒಳಗೊಂದು ಸಣ್ಣ ಮೋಟರು, ಅದೇ ಫ್ಯಾನನ್ನೂ ಗಾಳಿ ಪಂಪನ್ನೂ ತಿರುಗಿಸುತ್ತೆ. ಪಂಪಿನ ಗಾಳಿ ಎಣ್ಣೆಯನ್ನ ಎಳೆದು ನಾಝಲ್‌ನಲ್ಲಿ ಔಷಧಿ ಹೊಡೆದ ಹಾಗೆ ಸಣ್ಣಗೆ ಚಿಮ್ಮಿಸುತ್ತೆ. ಪ್ಲಗ್ಗು ಕಿಡಿ ಕೊಡುತ್ತೆ, ಹೊತ್ತಿಕೊಳ್ಳುತ್ತೆ. ಹಿಂದಿನಿಂದ ಫ್ಯಾನು ಆ ಬಿಸಿನ ಮುಂದಕ್ಕೆ ತಳ್ಳುತ್ತೆ. ಹತ್ತು ನಿಮಿಷಕ್ಕೆ ಶೆಡ್ಡು ಬೆಚ್ಚಗಾಗುತ್ತೆ. ನಂದು 30 ಕಿಲೋವ್ಯಾಟಿಂದು, ಅಂದ್ರೆ ಸುಮಾರು ಒಂದು ಲಕ್ಷ ಬಿಟಿಯು. ನಿಲ್ಲಿಸದೆ ಓಡಿದ್ರೆ ಗಂಟೆಗೆ 3 ಲೀಟರ್ ಎಣ್ಣೆ ಕುಡಿಯುತ್ತೆ.

ಗಮನಿಸಬೇಕಾದ್ದು ಒಂದೇ. ಈ ಥರದ ಮೆಷಿನ್‌ಗೆ ಹೊಗೆ ಕೊಳವೆ ಇಲ್ಲ. ಉರಿದಿದ್ದೆಲ್ಲ ಮರಿ ಇರೋ ಜಾಗಕ್ಕೇ ಬರುತ್ತೆ. ಹೊಗೆ ಹೊರಗೆ ಹೋಗೋ ಚಿಮಣಿ ಇರೋ ಮಾದರಿನೂ ಸಿಗುತ್ತೆ, ರೇಟು ಜಾಸ್ತಿ. ನಾನು ತಂದಿದ್ದು ಚಿಮಣಿ ಇಲ್ಲದ್ದು, ಅದೂ ಸೆಕೆಂಡ್ ಹ್ಯಾಂಡು. ಫಾರಂ ಮುಚ್ಚಿದ ಒಬ್ಬರ ಹತ್ರ ತಗೊಂಡೆ. ಜೊತೆಗೆ ಬುಕ್ಕು ಬರಲಿಲ್ಲ, ನಾನೂ ಕೇಳಲಿಲ್ಲ.

ಎರಡು ಚಳಿಗಾಲ ಏನೂ ತೊಂದರೆ ಇರಲಿಲ್ಲ. ಯಾಕಿರಲಿಲ್ಲ ಅಂದ್ರೆ ನನ್ನ ಪರದೆಗಳು ಹರಿದಿದ್ವು. ಗಾಳಿ ಅದರಷ್ಟಕ್ಕೆ ಅದು ಬರ್ತಿತ್ತು, ಹೋಗ್ತಿತ್ತು. ಮೂರನೇ ವರ್ಷ ಎಣ್ಣೆ ಖರ್ಚು ನೋಡಿ ಹೊಟ್ಟೆ ಉರೀತು. ಹೊಸ ಪರದೆ ಹಾಕ್ಸಿದೆ. ಸಾಲದು ಅಂತ ಗೊಬ್ಬರದ ಚೀಲ ಬಿಚ್ಚಿ ಹೊಲಿಸಿ ಪರದೆ ಮೇಲಿನ ಸಂದಿಗೆಲ್ಲ ಕಟ್ಟಿದೆ. 30 ಅಡಿ ಅಗಲದ ಶೆಡ್ಡಲ್ಲಿ 55 ಅಡಿ ಉದ್ದಕ್ಕೆ ಅಡ್ಡ ಟಾರ್ಪಾಲ್ ಬಿಟ್ಟು, ತಲೆ ಮೇಲೆ 7 ಅಡಿಗೆ ಇನ್ನೊಂದು ಟಾರ್ಪಾಲ್ ಎಳೆದು, ಒಂದು ಡಬ್ಬ ಮಾಡಿದ ಹಾಗೆ ಮಾಡಿದೆ. ನೋಡಿದೋರೆಲ್ಲ ಮೆಚ್ಚಿಕೊಂಡ್ರು. ಬ್ಯಾಚ್ ನೋಡೋಕೆ ಬಂದ ಸೂಪರ್‌ವೈಸರೂ "ಒಳ್ಳೆ ಪ್ಯಾಕಿಂಗ್" ಅಂದ್ರು.

ಜನವರಿ ತಿಂಗಳು. ಸಂಜೆ 4000 ಮರಿ ಇಳಿದ್ವು. ಮೊದಲ ದಿನದ ಮರಿಗೆ ಅದರ ಬೆನ್ನಿನ ಮಟ್ಟದಲ್ಲಿ 32ರಿಂದ 34 ಡಿಗ್ರಿ ಬೇಕು, ಹೊರಗೆ ರಾತ್ರಿ 13ಕ್ಕೆ ಇಳಿದಿತ್ತು. ಮೆಷಿನ್ ನಿಂತಿದ್ದೇ ಕಡಿಮೆ. ನನ್ನ ಬಾಮೈದ, ನಮ್ಮ ಮನೆಯವಳ ಕಿರಿ ತಮ್ಮ, ಆ ವರ್ಷ ನಮ್ಮ ಜೊತೆಗಿದ್ದ. ಮರಿ ಬಂದ ಮೊದಲ ಮೂರು ರಾತ್ರಿ ಒಬ್ರು ಅಲ್ಲೇ ಮಲಗೋದು ನಮ್ಮ ಪದ್ಧತಿ. ಅವನೇ ಹೋದ. "ಒಳಗೇ ಮಲ್ಕೋ, ಬೆಚ್ಚಗಿರುತ್ತೆ" ಅಂದೋನು ನಾನೇ.

ರಾತ್ರಿ 11 ಗಂಟೆಗೆ ಫೋನ್ ಮಾಡ್ದ. "ಬಾವ, ಮರಿ ಎಲ್ಲ ಚೆನ್ನಾಗವೆ. ನಂಗೇ ಯಾಕೋ ತಲೆ ಸಿಡೀತೈತೆ, ಹೊಟ್ಟೆ ತೊಳಸ್ದಂಗೆ ಆಯ್ತದೆ."

ನಾನಂದೆ, "ಬೆಳಿಗ್ಗೆಯಿಂದ ಬಿಸಿಲಲ್ಲಿ ಹೊಟ್ಟು ಹರಡಿದ್ಯಲ್ಲ, ಅದಕ್ಕೇ. ಒಂದು ಮಾತ್ರೆ ನುಂಗಿ ಮಲ್ಕೋ, ಸರಿಹೋಗುತ್ತೆ."

ಇದನ್ನ ಬರೆಯೋಕೆ ನಾಲ್ಕು ವರ್ಷ ತಗೊಂಡಿದೀನಿ.

ಮಧ್ಯರಾತ್ರಿ ಕಳೆದು ಒಂದೂಮುಕ್ಕಾಲಿಗೆ ಕರೆಂಟು ಹೋಯ್ತು. ಮನೇಲಿ ಫ್ಯಾನಿಲ್ಲ, ಏನಿಲ್ಲ, ಆದ್ರೂ ಎಚ್ಚರ ಆಯ್ತು. ಫಾರಂ ಇಟ್ಟೋರಿಗೆ ಇದು ಗೊತ್ತು, ಕರೆಂಟು ಹೋದ್ರೆ ನಿದ್ದೇಲೂ ಗೊತ್ತಾಗುತ್ತೆ. ಎರಡು ನಿಮಿಷದಲ್ಲಿ ಜನರೇಟರ್ ಶಬ್ದ ಬರಬೇಕಿತ್ತು. ಬರಲಿಲ್ಲ. ಐದು ನಿಮಿಷ ಆಯ್ತು. ಫೋನ್ ಮಾಡ್ದೆ, ರಿಂಗಾಯ್ತು, ಎತ್ತಲಿಲ್ಲ. ನಮ್ಮ ಮನೆಯವಳು ಎದ್ದು ಕೂತು, "ರೀ, ತಲೆನೋವು ಅಂದಿದ್ನಲ್ಲ, ಅವನಿಗೆ ಯಾವತ್ತೂ ತಲೆನೋವೇ ಬರಲ್ಲ" ಅಂದ್ಲು. ಟಾರ್ಚ್ ತಗೊಂಡು ಓಡಿದೆ.

ಟಾರ್ಪಾಲ್ ಸರಿಸಿ ಒಳಗೆ ಹೋದ್ರೆ ಹೊಗೆ ಇಲ್ಲ, ಘಾಟಿಲ್ಲ. ಮರಿಗಳು ಸದ್ದು ಮಾಡ್ತಿರಲಿಲ್ಲ, ಅಗಲವಾಗಿ ಬಿದ್ದುಕೊಂಡಿದ್ವು. ಇವನು ಚಾಪೆ ಮೇಲೆ, ಪಕ್ಕದಲ್ಲಿ ವಾಂತಿ. ಅಲ್ಲಾಡಿಸಿದ್ರೆ ಏಳಲಿಲ್ಲ. ಉಸಿರಿತ್ತು. ಎತ್ತೋಕೆ ಹೋದೆ, ಆಗಲಿಲ್ಲ. ಹೊರಗೆ ಬಂದು ಕುಡುಗೋಲಲ್ಲಿ ಪರದೆ ಹಗ್ಗ ಕತ್ತರಿಸಿದೆ. ಪರದೆ ಬಿತ್ತು, ಆದ್ರೆ ನಾನೇ ಹೊಲಿಸಿ ಕಟ್ಟಿದ್ದ ಚೀಲಗಳು ಬೀಳಲಿಲ್ಲ, ಅವನ್ನ ಸೀಳಬೇಕಾಯ್ತು. ಅಷ್ಟೊತ್ತಿಗೆ ನಮ್ಮ ಮನೆಯವಳು ಪಕ್ಕದ ತೋಟದೋರನ್ನ ಎಬ್ಬಿಸಿಕೊಂಡು ಬಂದಿದ್ಲು. ಮೂರು ಜನ ಸೇರಿ ಎಳೆದು ಬಯಲಲ್ಲಿ ಮಲಗಿಸಿದ್ವಿ. ಪಿಕಪ್ ಗಾಡೀಲಿ ತಾಲ್ಲೂಕಿಗೆ ಹೋದ್ವಿ.

ಡಾಕ್ಟರು ಮೊದಲು ಕೇಳಿದ್ದೇ, "ಒಳಗೆ ಏನು ಉರೀತಿತ್ತು?" ಅಂತ. ಹೇಳಿದೆ. ತಕ್ಷಣ ಮಾಸ್ಕ್ ಹಾಕಿ ಪೂರ್ತಿ ಆಕ್ಸಿಜನ್ ಬಿಟ್ರು. ಬೆರಳಿಗೆ ಹಾಕೋ ಕ್ಲಿಪ್ಪು 98 ತೋರಿಸ್ತಿತ್ತು. ನನಗೆ ಸಮಾಧಾನ ಆಯ್ತು, ಕೊರೊನಾ ಕಾಲದಲ್ಲಿ ನಾವೆಲ್ಲ ಅದೇ ನಂಬರ್ ನೋಡ್ತಿದ್ವಲ್ಲ. ಅವರು, "ಇದನ್ನ ನಂಬಬೇಡಿ. ಈ ಕೇಸಲ್ಲಿ ಇದು ಸುಳ್ಳು ಹೇಳುತ್ತೆ" ಅಂದ್ರು. ಆಮೇಲೆ ಬಿಡಿಸಿ ಹೇಳಿದ್ರು. ಬೆಂಕಿಗೆ ಗಾಳಿ ಸಾಲದೇ ಹೋದಾಗ ಎಣ್ಣೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ ಆಗುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅದನ್ನ ಹಿಡ್ಕೊಳ್ಳುತ್ತೆ. ಆ ಕ್ಲಿಪ್ಪಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ರಕ್ತ ಕೆಂಪಗಿದ್ರೆ ಸರಿ ಅನ್ನುತ್ತೆ. ಬರೀ ಗಾಳೀಲಿ ಬಿಟ್ರೆ ರಕ್ತದಲ್ಲಿರೋ ಆ ವಿಷ ಅರ್ಧಕ್ಕೆ ಇಳಿಯೋಕೇ ನಾಲ್ಕೈದು ಗಂಟೆ, ಪೂರ್ತಿ ಆಕ್ಸಿಜನ್ ಕೊಟ್ರೆ ಒಂದು ಒಂದೂವರೆ ಗಂಟೆ. ಮೊದಲ ಲಕ್ಷಣ ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಮಂಪರು. ಮಂಪರು ಬಂದೋನು ತಾನಾಗಿ ಎದ್ದು ಹೊರಗೆ ಬರಲ್ಲ.

"ತಲೆನೋವು ಅಂದಾಗ ಹೊರಗೆ ಕರೆದಿದ್ರೆ ಇಲ್ಲಿ ತನಕ ಬರ್ತಿರಲಿಲ್ಲ" ಅಂದ್ರು. ಅವರು ಬೈಯೋಕೆ ಹೇಳಿದ್ದಲ್ಲ. ಆದ್ರೆ ನಮ್ಮ ಮನೆಯವಳು ಪಕ್ಕದಲ್ಲೇ ನಿಂತಿದ್ಲು.

ಹುಡುಗ ಉಳ್ಕೊಂಡ. ಕರೆಂಟು ಹೋಗಿ ಮೆಷಿನ್ ನಿಂತಿದ್ದಕ್ಕೆ ಉಳ್ಕೊಂಡ ಅಂತ ನಾನು ನಂಬಿದೀನಿ. ಜನರೇಟರ್ ತಾನಾಗಿ ಆನ್ ಆಗೋ ಥರದ್ದು ಹಾಕ್ಸಿದ್ರೆ ಬೆಳಿಗ್ಗೆವರೆಗೂ ಉರೀತಿತ್ತು. ಎರಡು ತಿಂಗಳು ಅವನಿಗೆ ಮರೆವು ಇತ್ತು, ಫೀಡ್ ಎಷ್ಟು ಚೀಲ ಸುರಿದೆ ಅಂತ ಎರಡೆರಡು ಸಲ ಕೇಳ್ತಿದ್ದ. ಈಗ ಚೆನ್ನಾಗಿದ್ದಾನೆ, ಬೇರೆ ಕೆಲಸದಲ್ಲಿದ್ದಾನೆ. ಮರಿ ಆ ರಾತ್ರಿ 380 ಹೋದ್ವು. ಉಳಿದವುಗಳಲ್ಲಿ ನಾಲ್ಕನೇ ವಾರ ಹೊಟ್ಟೇಲಿ ನೀರು ತುಂಬಿ ದಿನಾ ಹತ್ತು ಹದಿನೈದು ಸಾಯ್ತಿದ್ವು. ನಾನು ಫೀಡ್ ಬೈದೆ. ಮರಿ ಕಾಲದಲ್ಲಿ ಗಾಳಿ ಕೆಟ್ಟರೆ ಹಾಗೂ ಆಗುತ್ತೆ ಅಂತ ಆಮೇಲೆ ಪಶುವೈದ್ಯರು ಹೇಳಿದ್ರು.

ಆಸ್ಪತ್ರೆಯಿಂದ ಬಂದ ಮೇಲೆ ಮೆಷಿನ್ ಬಿಚ್ಚಿದ್ವಿ. ಹಿಂದಿನ ಗಾಳಿ ಫಿಲ್ಟರಲ್ಲಿ ಪುಕ್ಕ, ಹೊಟ್ಟಿನ ಧೂಳು ಸೇರಿ ಕಂಬಳಿ ಥರ ಆಗಿತ್ತು. ಎರಡು ವರ್ಷ ಮುಟ್ಟಿರಲಿಲ್ಲ. ಶೆಡ್ಡಿಗೆ ಗಾಳಿ ಇಲ್ಲ, ಮೆಷಿನ್ನಿನ ಮೂಗೂ ಕಟ್ಟಿತ್ತು.

ಲೆಕ್ಕ ಹಾಕಿದೆ, ನೀವೂ ಹಾಕ್ಕೊಳ್ಳಿ. ಒಂದು ಲೀಟರ್ ಸೀಮೆಎಣ್ಣೆ ಸರಿಯಾಗಿ ಉರಿಯೋಕೆ ಸುಮಾರು 350 ಘನ ಅಡಿ ಗಾಳಿ ಬೇಕು. 3 ಲೀಟರ್‌ಗೆ ಸಾವಿರ ದಾಟುತ್ತೆ. ನಾನು ಮಾಡಿದ್ದ ಡಬ್ಬ 30 ಗುಣಿಸು 55 ಗುಣಿಸು 7, ಅಂದ್ರೆ ಹನ್ನೊಂದೂವರೆ ಸಾವಿರ ಘನ ಅಡಿ. ಹನ್ನೊಂದು ಗಂಟೆ ಉರಿದ್ರೆ ಅಲ್ಲಿದ್ದ ಗಾಳಿಯೆಲ್ಲ ಮೆಷಿನ್ನಿಗೇ ಬೇಕು. ಅಷ್ಟು ಹೊತ್ತು ಕಾಯೋದೂ ಬೇಡ, ಆಮ್ಲಜನಕ ಸ್ವಲ್ಪ ಕಮ್ಮಿ ಆಗ್ತಿದ್ದ ಹಾಗೇ ಬೆಂಕಿ ಕೆಡುತ್ತೆ, ವಿಷ ಶುರುವಾಗುತ್ತೆ. ಮರಿ, ಮನುಷ್ಯ ಉಸಿರಾಡಿದ್ದು ಬೇರೆ. ಇನ್ನೊಂದು, ಒಂದು ಲೀಟರ್ ಎಣ್ಣೆ ಉರಿದ್ರೆ ಹತ್ತಿರ ಹತ್ತಿರ ಒಂದು ಲೀಟರ್ ನೀರಿನಷ್ಟು ಆವಿ ಹೊರಬರುತ್ತೆ. ಬಿಗಿಯಾಗಿ ಮುಚ್ಚಿದ್ರೆ ಅದೆಲ್ಲ ಹೊಟ್ಟಿನ ಮೇಲೇ ಕೂರುತ್ತೆ. ಹೊಟ್ಟು ಒದ್ದೆ, ಆಮೇಲೆ ಅಮೋನಿಯಾ. ಮುಚ್ಚಿ ಉಳಿಸಿದ್ದು ಏನೂ ಇಲ್ಲ.

ಈಗ ನಾನು ಹೆಂಗೆ ಓಡಿಸ್ತೀನಿ ಅಂತ ಹೇಳ್ತೀನಿ.

ಗಾಳಿ ಮೊದಲು. ಇಂಥ ಹೀಟರಿನ ಬುಕ್ಕುಗಳಲ್ಲಿ ಲಕ್ಷ ಬಿಟಿಯುಗೆ ಕಮ್ಮಿ ಅಂದ್ರೂ 3 ಚದರ ಅಡಿ ಕಿಂಡಿ ತೆರೆದಿಡಿ ಅಂತಿರುತ್ತೆ. ಅದು ಮೆಷಿನ್ ಪಾಲಿಂದು ಮಾತ್ರ. ನಾನು ಎರಡೂ ಕಡೆ ಪರದೆ ಮೇಲ್ಗಡೆ ಅರ್ಧ ಅಡಿ ಸಂದಿ, 20 ಅಡಿ ಉದ್ದಕ್ಕೆ, ಹಗಲು ರಾತ್ರಿ ಬಿಡ್ತೀನಿ. ಆ ಜಾಗದಲ್ಲಿ ಪರದೆ ಮೇಲೆ ಬರದ ಹಾಗೆ ಹಗ್ಗಕ್ಕೆ ಗಂಟು ಹಾಕಿಟ್ಟಿದೀನಿ, ಚಳಿ ಅಂತ ಯಾರಾದ್ರೂ ಎಳೆದ್ರೂ ಮುಚ್ಚಲ್ಲ. ತಣ್ಣನೆ ಗಾಳಿ ಮೇಲಿನಿಂದ ಬಂದು ಬಿಸಿ ಜೊತೆ ಬೆರೆತು ಇಳಿಯುತ್ತೆ, ಮರಿ ಮೇಲೆ ನೇರ ಬೀಳಲ್ಲ. ತಲೆ ಮೇಲಿನ ಟಾರ್ಪಾಲ್ ತೆಗೆದೇಬಿಟ್ಟೆ. ರಾತ್ರಿಗೆ ಮೂರು ನಾಲ್ಕು ಲೀಟರ್ ಎಣ್ಣೆ ಜಾಸ್ತಿ ಹೋಗುತ್ತೆ. ಹೋಗ್ಲಿ.

ಒಳಗೆ ಯಾರೂ ಮಲಗಲ್ಲ. ಶೆಡ್ಡಿನ ತುದೀಲಿ, ಹೊರಗೆ, ಸಣ್ಣ ರೂಮು ಮಾಡಿ ಮಂಚ ಹಾಕಿದೀನಿ. ಒಳಗೆ ಎಷ್ಟು ಬಿಸಿ ಇದೆ ಅಂತ ಹೊರಗಿಂದಲೇ ಕಾಣೋ ವಯರ್ ಥರ್ಮಾಮೀಟರ್ ಇದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತ ಬ್ಯಾಟರಿ ಡಬ್ಬಿ ಸಿಗುತ್ತೆ, ಎರಡು ತರಿಸಿದೀನಿ, ಒಂದು ಶೆಡ್ಡಲ್ಲಿ ತಲೆ ಮಟ್ಟಕ್ಕೆ, ಇನ್ನೊಂದು ರೂಮಲ್ಲಿ. ಪ್ರತಿ ಬ್ಯಾಚಿಗೆ ಮೊದಲು ಅದರ ಬಟನ್ ಒತ್ತಿ ನೋಡ್ತೀನಿ. ಹೊಗೆ ಅಲಾರಂ ಬೇರೆ, ಇದು ಬೇರೆ, ಅಂಗಡೀಲಿ ಕೇಳಿ ತಗೊಳ್ಳಿ. ಅಲಾರಂ ಇದೆ ಅಂತ ಸಂದಿ ಮುಚ್ಚಬೇಡಿ.

ಎಣ್ಣೆ. ನಮ್ಮ ಕಡೆ ರೇಷನ್ ಸೀಮೆಎಣ್ಣೆ ಕಂಡು ವರ್ಷಗಳಾದ್ವು, ಅದು ಸಿಕ್ಕಿದ್ರೂ ಇದಕ್ಕಲ್ಲ. ಬಿಳಿ ಸೀಮೆಎಣ್ಣೆನೇ ತರ್ತೀನಿ. ನಿಮ್ಮ ಮೆಷಿನ್ ಮೇಲೆ ಡೀಸೆಲ್ ನಡೆಯುತ್ತೆ ಅಂತ ಬರೆದಿದ್ರೆ ಮಾತ್ರ ಡೀಸೆಲ್ ಹಾಕಿ. ಪೆಟ್ರೋಲ್, ಥಿನ್ನರ್ ಒಂದು ತೊಟ್ಟೂ ಬೇಡ. ಸೀಮೆಎಣ್ಣೆ ಹೊತ್ತಿಕೊಳ್ಳೋಕೆ ಸ್ವಲ್ಪ ಕಾಯಬೇಕು, ಪೆಟ್ರೋಲ್ ಆವಿ ಎಂಥ ಚಳೀಲೂ ಕಿಡಿಗೆ ಕಾದಿರುತ್ತೆ, ಬಿಸಿ ಕೊಳವೇಲಿ ಅದು ಬಾಂಬು. ಕಳೆ ಕತ್ತರಿಸೋ ಮೆಷಿನ್‌ಗೆ ಪೆಟ್ರೋಲ್ ತರೋ ಕ್ಯಾನು, ಹೀಟರ್ ಕ್ಯಾನು ಎರಡೂ ಬಿಳಿ ಇದ್ರೆ ಒಂದು ದಿನ ಅದಲು ಬದಲು ಆಗೇ ಆಗುತ್ತೆ. ನಾನು ಹೀಟರ್ ಕ್ಯಾನಿಗೆ ನೀಲಿ ಪೇಂಟ್ ಹೊಡೆದು ಬೇರೆ ಕಡೆ ಇಟ್ಟಿದೀನಿ.

ಎಣ್ಣೆ ತುಂಬೋದು ಹಗಲು ಹೊತ್ತಲ್ಲಿ, ಶೆಡ್ಡಿನ ಹೊರಗೆ, ಮೆಷಿನ್ ನಿಂತು ಪೂರ್ತಿ ತಣ್ಣಗಾದ ಮೇಲೆ. ಜಾಲರಿ ಇರೋ ಆಲಿಕೆ ಇಟ್ಟು ಸುರೀತೀನಿ. ಕಂಠಪೂರ್ತಿ ತುಂಬಲ್ಲ, ಬಿಸಿಗೆ ಎಣ್ಣೆ ಉಬ್ಬುತ್ತೆ. ಚೆಲ್ಲಿದ್ರೆ ಒರೆಸಿ, ಆ ಬಟ್ಟೆನ ದೂರ ಹಾಕ್ತೀನಿ. ಅರ್ಧರಾತ್ರಿ ಎಣ್ಣೆ ಮುಗೀತು ಅಂತ ಟಾರ್ಚ್ ಬಾಯಲ್ಲಿ ಕಚ್ಕೊಂಡು ಉರಿಯೋ ಮೆಷಿನ್ನಿಗೆ ಸುರಿಯೋರನ್ನ ನೋಡಿದೀನಿ. ಸಂಜೇನೇ ನೋಡಿ ತುಂಬಿದ್ರೆ ಆ ಪಾಡು ಬರಲ್ಲ.

ಇಡೋ ಜಾಗ. ಹೊಟ್ಟಿನ ಮೇಲೆ ಇಡಬೇಡಿ. ಐದಾರು ಅಡಿ ಹೊಟ್ಟು ಸರಿಸಿ ನಮ್ಮ ಕಡೆ ಸಿಗೋ ಕಲ್ಲು ಚಪ್ಪಡಿ ಹಾಸಿ ಅದರ ಮೇಲೆ ಇಟ್ಟಿದೀನಿ. ಬಾಯಿ ಮುಂದೆ ಪರದೆ, ಚೀಲ, ಫೀಡ್ ಏನೇ ಇರಲಿ, ಕಮ್ಮಿ ಅಂದ್ರೆ 8 ಅಡಿ ಬಿಡಬೇಕು. ನಾನು 12 ಬಿಡ್ತೀನಿ. ಪಕ್ಕಕ್ಕೆ, ಮೇಲಕ್ಕೆ 4 ಅಡಿ. ಬಾಯಿಗೆ ಕೊಳವೆ, ತಗಡು ಏನೂ ಸಿಗಿಸಬಾರದು, ಗಾಳಿ ತಡೆದ್ರೆ ಮೆಷಿನ್ ಒಳಗೇ ಕಾಯುತ್ತೆ. ಸುತ್ತ ಚಿಕ್ ಗಾರ್ಡ್ ತಗಡು ನಿಲ್ಲಿಸಿ, ಮರಿ ಹತ್ತಿರ ಬರಬಾರದು.

ಕರೆಂಟು. ಮೂರು ಪಿನ್ನು, ಅರ್ತಿಂಗ್ ಸರಿ ಇರಲಿ. ಮೊಬೈಲ್ ಚಾರ್ಜರ್ ವಯರಿನಂಥ ಎಕ್ಸ್‌ಟೆನ್ಷನ್ ಬೇಡ. ರಾತ್ರಿ ವೋಲ್ಟೇಜ್ ಇಳಿದ್ರೆ ಫ್ಯಾನು ನಿಧಾನ ಆಗುತ್ತೆ, ಬೆಂಕಿಗೆ ಗಾಳಿ ಕಮ್ಮಿ, ಮತ್ತದೇ ವಿಷ. ನಾನು ಸ್ಟೆಬಿಲೈಸರ್ ಹಾಕಿದೀನಿ.

ಹಚ್ಚೋವಾಗ ಬಾಗಿಲು ತೆರೆದಿರಲಿ. ಮೊದಲೆರಡು ನಿಮಿಷ ವಾಸನೆ ಇರುತ್ತೆ, ಆಮೇಲೆ ಹೋಗಬೇಕು. ವಾಸನೆ ನಿಲ್ಲದಿದ್ರೆ, ಕಣ್ಣು ಉರಿದ್ರೆ, ಬಾಯಿಂದ ಹಳದಿ ಜ್ವಾಲೆ ಹೊರಗೆ ಬಂದ್ರೆ ನಿಲ್ಲಿಸಿ, ರಿಪೇರಿಯವರಿಗೆ ತೋರಿಸಿ. ಒಂದು ಸಲ ಹೊತ್ತಲಿಲ್ಲ ಅಂತ ಮೇಲಿಂದ ಮೇಲೆ ಸ್ವಿಚ್ ಒತ್ತಬೇಡಿ, ಒಳಗೆ ಎಣ್ಣೆ ನಿಂತಿರುತ್ತೆ, ಹೊತ್ತಿದಾಗ ಒಟ್ಟಿಗೆ ಭಗ್ ಅನ್ನುತ್ತೆ. ನಿಲ್ಲಿಸೋವಾಗ ಪ್ಲಗ್ ಕಿತ್ತು ಬಿಸಾಕೋದಲ್ಲ. ಥರ್ಮೋಸ್ಟಾಟ್ ಇಳಿಸಿ ಸ್ವಿಚ್ ಆಫ್ ಮಾಡಿ, ಫ್ಯಾನು ತಿರುಗಿ ತಿರುಗಿ ತಾನಾಗಿ ನಿಲ್ಲೋ ಮಾದರಿ ಆದ್ರೆ ಅದು ನಿಲ್ಲೋವರೆಗೆ ಬಿಡಿ. ಕರೆಂಟು ಹೋಗಿ ಬಂದ್ರೆ ತಕ್ಷಣ ಹಚ್ಚದೆ ಸ್ವಲ್ಪ ಆರೋಕೆ ಬಿಡಿ.

ವಾರಕ್ಕೊಂದು ಸಲ ಗಾಳಿ ಫಿಲ್ಟರ್ ತೆಗೆದು ಕೊಡವಿ ನೋಡ್ತೀನಿ, ಪ್ರತಿ ಬ್ಯಾಚಿಗೆ ತೊಳೆದು ಒಣಗಿಸಿ ಹಾಕ್ತೀನಿ. ಕೆಟ್ಟಿದ್ರೆ ಹೊಸದು. ಬಾಗಿಲ ಹತ್ರ ಪೌಡರ್ ಸಿಲಿಂಡರು, ಎರಡು ಬಕೆಟ್ ಮರಳು ಇರುತ್ತೆ. ಎಣ್ಣೆ ಬೆಂಕಿಗೆ ನೀರು ಎರಚಬೇಡಿ, ಬೆಂಕಿ ತೇಲಿಕೊಂಡು ಹೊಟ್ಟಿಗೆ ಹೋಗುತ್ತೆ.

ಯಾರಾದ್ರೂ ಒಳಗೆ ಬಿದ್ದಿದ್ರೆ ನನ್ನ ಥರ ನುಗ್ಗಬೇಡಿ. ಮೊದಲು ಹೊರಗಿಂದ ಪರದೆ ಇಳಿಸಿ, ಕೂಗಿ ಜನ ಕರೀರಿ, ಆಮೇಲೆ ಒಳಗೆ ಹೋಗಿ ಎಳೀರಿ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಲ್ಲಿ ಆಕ್ಸಿಜನ್ ದಾರೀಲೇ ಶುರುವಾಗುತ್ತೆ. ಮುಚ್ಚಿದ ಶೆಡ್ಡಲ್ಲಿ ಹೀಟರ್ ಉರೀತಿತ್ತು ಅಂತ ಮೊದಲೇ ಹೇಳಿ.

ಇದ್ದಿಲು ಡ್ರಮ್ಮಿನೋರು ನಮಗಲ್ಲ ಈ ಮಾತು ಅಂದ್ಕೋಬೇಡಿ. ಕೆಂಡಕ್ಕೆ ಹೊಗೆ ಇರಲ್ಲ, ಆದ್ರೆ ಇದೇ ವಿಷ ಇನ್ನೂ ಜಾಸ್ತಿ ಇರುತ್ತೆ. ರೇಷ್ಮೆ ಮನೆಯವರೂ ಅಷ್ಟೇ. ಚಾಕಿ ಹುಳುಗೆ 27, 28 ಡಿಗ್ರಿ ಬೇಕು ಅಂತ ಇದ್ದಿಲು ಒಲೆ ಇಟ್ಟು, ಕಿಟಕಿಗೆ ಪ್ಲಾಸ್ಟಿಕ್ ಬಡಿದು, ಅಲ್ಲೇ ಮೂಲೇಲಿ ಹೆಂಗಸರು ಮಲಗೋದು ನಮ್ಮ ಹಳ್ಳಿಗಳಲ್ಲಿ ನಾನೇ ನೋಡಿದೀನಿ. ಕೆಲಸದವರು ಚಳಿ ಅಂತ ಬಾಣಲೀಲಿ ಕೆಂಡ ತುಂಬ್ಕೊಂಡು ರೂಮ್ ಬಾಗಿಲು ಹಾಕ್ಕೊಳ್ಳೋದನ್ನೂ ನೋಡಿದೀನಿ. ಅವರಿಗೆ ಒಂದು ಕಂಬಳಿ ಜಾಸ್ತಿ ಕೊಡಿ, ಕೆಂಡ ಹೊರಗಿರಲಿ.

ನಮ್ಮ ಮನೆಯವಳು ಆ ರಾತ್ರಿ ಬಗ್ಗೆ ನನಗೆ ಒಂದು ಮಾತೂ ಅಂದಿಲ್ಲ. ಆದ್ರೆ ಮರಿ ಬಂದ ದಿನ ರಾತ್ರಿ 11 ಗಂಟೆಗೆ ತಾನೇ ಫಾರಂಗೆ ಬರ್ತಾಳೆ, ಸಂದಿ ಹತ್ರ ಕೈ ಹಿಡಿದು ಗಾಳಿ ಬರ್ತಿದೆಯಾ ನೋಡ್ತಾಳೆ, ಕಾವಲಿಗೆ ಇರೋ ಹುಡುಗನ್ನ ಎಬ್ಬಿಸಿ "ತಲೆ ಗಿಲೆ ನೋಯ್ತಿದೆಯೇನಪ್ಪ?" ಅಂತ ಕೇಳಿ ಹೋಗ್ತಾಳೆ.

ಹೀಟರ್ ತರೋರು ಬನ್ನಿ, ಬುಧವಾರ ನಮಗೆ ಹೊಸ ಬ್ಯಾಚ್ ಇಳಿಯುತ್ತೆ. ಸಂಜೆ 4ಕ್ಕೆ ಮೆಷಿನ್ ಹಚ್ತೀನಿ. ಸಂದಿ ಎಷ್ಟು ಬಿಟ್ಟಿದೀನಿ, ಗಂಟು ಎಲ್ಲಿ ಹಾಕಿದೀನಿ, ಕಣ್ಣಾರೆ ನೋಡ್ಕೊಂಡು ಹೋಗಿ. ಈಗಾಗ್ಲೇ ತಂದಿರೋರು ಇವತ್ತೇ ಫಿಲ್ಟರ್ ಬಿಚ್ಚಿ ನೋಡಿ. ಮತ್ತೆ ಶೆಡ್ಡಿಂದ ಯಾರಾದ್ರೂ ಫೋನ್ ಮಾಡಿ ತಲೆನೋವು ಅಂದ್ರೆ, ಮಲ್ಕೋ ಅನ್ನಬೇಡಿ. ಮೊದಲು ಹೊರಗೆ ಬಾ ಅನ್ನಿ.